ಬಾಳೆನಾರಿನ ಅಳತೆ

ಗಾಡಿ ಜ್ಯಾಕಿನ ಮೇಲೆ. ಮುಂದಿನ ಚಕ್ರ ಬಿಚ್ಚಿ
ಗೋಡೆಗೆ ಒರಗಿಸಿದ್ದಾನೆ ಬಿಳಿಗಿರಿ.
ತಾಳವಾಡಿ ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ನೆರಳಲ್ಲಿ
ನನ್ನ ಮಾರುತಿ ಎಂಟುನೂರು, ನೆತ್ತಿಯ ಮೇಲೆ ಕೆಂಪು ‘ಎಲ್’.
ಎರಡು ಬ್ರೇಕ್ ಪೆಡಲ್ಲು ಅದಕ್ಕೆ: ಕಲಿಯುವವರದೊಂದು, ನನ್ನದೊಂದು.
ಹನ್ನೊಂದು ವರ್ಷದಿಂದ
ನನ್ನ ಬಲಗಾಲಿನ ಚಪ್ಪಲಿಯೇ ಮೊದಲು ಸವೆಯುವುದು.

ಹೋದ ತಿಂಗಳು ದಿಂಬಂ ಇಳಿಯುವಾಗ
ಹತ್ತೊಂಬತ್ತನೇ ತಿರುವಿನ ಹಲಗೆ ದಾಟಿದ್ದೇ
ಅಂಚೆ ಕಚೇರಿಯ ಶಿವಮಲ್ಲಿ ಒತ್ತಿದಳು, ನಾನೂ ಒತ್ತಿದೆ.
ಎರಡೂ ಪೆಡಲ್ಲು ಹಳೇ ದಿಂಬಿನ ಹಾಗೆ ಕುಸಿದವು.
ಗೇರು ಇಳಿಸಿ, ಹ್ಯಾಂಡ್‌ಬ್ರೇಕು ಎಳೆದು
ಗುಡ್ಡಕ್ಕೆ ಪಕ್ಕೆ ಉಜ್ಜಿಕೊಂಡು ನಿಂತೆವು.
ಹಿಂದಿನ ಲಾರಿಯವನು ಬೈದ, ತಮಿಳಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ.
ಎರಡರ್ಧವೂ ಅರ್ಥವಾದವು.

ಅದಕ್ಕೇ ಈಗ ಗುಜರಿಯಿಂದ ತಂದ ಜೆನ್ನಿನ ದೊಡ್ಡ ಡಿಸ್ಕು, ಕ್ಯಾಲಿಪರ್ರು.
‘ಅದ್ರ ಮಾತು ಬುಡಿ, ಇದ್ನ ನೋಡಿ’ ಅಂದ ಬಿಳಿಗಿರಿ
ಹಳೇ ಹೋಸಿಗೆ ಸೈಕಲ್ ಪಂಪಿನ ಬಾಯಿ ಹಚ್ಚಿ.
ಈ ಕಡೆಯಿಂದ ಗಾಳಿ ಹೋಯಿತು.
ಆ ಕಡೆಯಿಂದ ವಾಪಸು ಬರಲೊಲ್ಲದು.
‘ಹೊರ್ಗಡೆ ಚೆನ್ನಾಗದೆ ಕಣಕ್ಕ, ಒಳ್ಗಡೆ ಊದ್ಕಂಡದೆ.
ಒತ್ತಿದ್ದು ತಕ್ಕೊಳ್ತದೆ, ಬುಟ್ಟಾಗ ಬುಡಕಿಲ್ಲ.
ಚಕ್ರ ಹಿಡ್ಕಂಡು, ಕಾಯ್ದು, ಎಣ್ಣೆ ಕುದ್ದದೆ.’
ಮಾತಾಡದೆ ನಾಲ್ಕು ವರ್ಷವಾದ ತಂಗಿಯ ನೆನಪಾಯಿತು.
ಹೇಳಲಿಲ್ಲ.

ಸತ್ಯಮಂಗಲದ ಬಸ್ಸಿಗೆ ಬಂದ ಪೊಟ್ಟಣ ಬಿಚ್ಚಿ
ಪೇಪರಿನ ಮೇಲೆ ಸಾಲಾಗಿಟ್ಟ.
ಉಕ್ಕಿನ ಜಡೆ ಹೆಣೆದದ್ದೊಂದು, ಮದುವಣಗಿತ್ತಿಯ ಹಾಗೆ ಹೊಳೆಯುತ್ತ.
‘ಇದು ಊದಾಕಿಲ್ಲ, ಪೆಡಲ್ಲು ಕಲ್ಲಾಯ್ತದೆ.
ಮಣ್ಣು ಹೊಕ್ರೆ ಮಾತ್ರ ಒಳಗೇ ಗರಗಸ.’
ಹೆಸರಿಲ್ಲದ್ದೊಂದು, ಅಗ್ಗ, ಮೂಸಿದರೆ ಚಪ್ಪಲಿಯಂಗಡಿ.
ಇನ್ನೊಂದು ಬರೀ ಕಪ್ಪು ರಬ್ಬರು,
ಮೈಮೇಲೆ ಸಣ್ಣ ಬಿಳಿ ಅಕ್ಷರ.
ಹಿಂದಿನ ಪೈಪಿಗೆ ತಾಮ್ರ ಕೇಳಿದೆ, ಬಗ್ಗಿಸಲು ಸಲೀಸಲ್ಲವೇ.
‘ಬಗ್ಗೋದು ಸಲೀಸು, ಅಲುಗಿ ಅಲುಗಿ ಬಿರಿಯೋದೂ ಸಲೀಸು’ ಎಂದು
ಉಕ್ಕಿನದನ್ನೇ ಎತ್ತಿಕೊಂಡ.

ಹೋಸಿನ ಉದ್ದ ಎಷ್ಟು? ಟೇಪು ಕದಿರ್ ಎಲ್ಲಿಟ್ಟನೋ.
ಎದುರಿನ ಹೂವಿನವಳಿಂದ ಒಂದೆಳೆ ಬಾಳೆನಾರು ತಂದೆ,
ಒದ್ದೆಯದು, ಹಿಗ್ಗದ್ದು.
ಚಕ್ರದ ಗುಂಬ ಜೋತುಬೀಳುವಷ್ಟು ಇಳಿಸಿ
ಸ್ಟೇರಿಂಗು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ
ನಾರು ಹಿಡಿದು ನೋಡಿದೆವು. ಹಳೆಯದು ಮೂರು ಬೆರಳು ಮೋಟು.
ಹೊಸ ಡಿಸ್ಕಿಗೆ ಹಳೇ ಅಳತೆ ಕಟ್ಟಿದ್ದರೆ
ಯಾವುದೋ ಬಲದ ತಿರುವಿನಲ್ಲಿ ಕಿತ್ತು ಬರುತ್ತಿತ್ತು.

ಹೊಳೆಯುವುದರ ಮೇಲೆ ಕೈ ಎರಡು ಸಲ ಹೋಯಿತು.
ಕೊನೆಗೆ ಕಪ್ಪನ್ನೇ ಎತ್ತಿ, ಕನ್ನಡಕ ಏರಿಸಿ ಓದಿದೆ:
ಹುಟ್ಟಿದ ತಿಂಗಳು, ಹುಟ್ಟಿದ ವರ್ಷ.
ಉಕ್ಕಿನವಳ ಮೈತುಂಬ ಹುಡುಕಿದೆ, ವಯಸ್ಸೇ ಇಲ್ಲ.
ವಯಸ್ಸು ಹೇಳಿಕೊಳ್ಳುವುದು ಇರಲಿ ನನ್ನ ಗಾಡಿಗೆ.
ಬಿಸಿಲುಪಟ್ಟಿಯ ಹಿಂದೆ ಮಾರ್ಕರಿನಲ್ಲಿ ಬರೆದೆ,
ನಾಲ್ಕು ವರ್ಷಕ್ಕೆ ಬದಲಿಸತಕ್ಕದ್ದು, ಚೆನ್ನಾಗಿ ಕಂಡರೂ.

ಸಂಜೆ ಶಿವಮಲ್ಲಿ ಬಂದು ಸೀಟಿನಲ್ಲಿ ಕೂತಳು.
ಕೆಳಗಿನಿಂದ ಕದಿರ್ ಕೂಗಿದ: ‘ಅಮುಕ್ಕು!’
ಇವಳು ‘ಒತ್ತಿದೀನಿ!’
‘ಪಿಡಿ!’ ‘ಹಿಡಿದೀನಿ!’
‘ವಿಡು!’
ಹಾರ್ಲಿಕ್ಸ್ ಬಾಟಲಿಯಲ್ಲಿ ಗುಳ್ಳೆ, ಗುಳ್ಳೆ, ಒಂದೇ ಗುಳ್ಳೆ,
ಆಮೇಲೆ ಬರೀ ಎಣ್ಣೆ.

ರಾತ್ರಿಗೆ ಘಾಟಿಯ ಗೇಟು ಮುಚ್ಚುತ್ತದೆ, ಇಳಿಯುವುದು ಬೆಳಿಗ್ಗೆಯೇ.
ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತೆ.
ಒಂದೇ ಸರಳಿಗೆ ಬೆಸೆದ ಪೆಡಲ್ಲುಗಳು:
ಅವಳು ಒತ್ತಿದಾಗ ನನ್ನದೂ ತಾನೇ ಇಳಿಯಿತು,
ಅರ್ಧಕ್ಕೆ ಗಟ್ಟಿಯಾಗಿ ನಿಂತಿತು,
ಬಿಟ್ಟಾಗ ಮೇಲೆ ಬಂತು.
ಕಾಲು ಮಡಿಸಿ ಸೀಟಿನ ಮೇಲಿಟ್ಟುಕೊಂಡು
‘ಇನ್ನೊಂದು ಸಲ’ ಎಂದೆ.